ತರೀಕೆರೆಯಿಂದ ಕಡೂರಿಗೆ ರಕ್ತ ಸಾಗಿಸಿದ್ದು

ವೈದ್ಯಕೀಯ ಸಂಶೋಧನೆಗೆ ಹೇಗೆ ಬಂದಿರಿ ಎಂದು ಯಾರಾದರೂ ಕೇಳಿದರೆ ಜನಸೇವೆಯ ಹಂಬಲದಿಂದ ಎನ್ನುವುದು ರೂಢಿ. ನಾನೂ ಹಾಗೇ ಹೇಳುತ್ತ ಬಂದಿದ್ದೇನೆ. ನಿಜವೆಂದರೆ, ಎಂಬತ್ತರ ಸುಮಾರಿಗೆ ಎಂ.ಎಸ್ಸಿ. ಮುಗಿಸಿದ ನನಗೆ ಬೇರೆ ಕೆಲಸ ಸಿಗಲಿಲ್ಲ. ರಕ್ತ ಕಂಡರೆ ತಲೆ ಸುತ್ತುತ್ತದೆಂಬ ಗುಟ್ಟನ್ನು ಮುಚ್ಚಿಟ್ಟುಕೊಂಡು, ರಕ್ತಹೀನತೆಯ ಮೇಲೆ ಸಂಶೋಧನೆ ನಡೆಸುತ್ತಿದ್ದ ಬೆಂಗಳೂರಿನ ಪ್ರೊಫೆಸರರೊಬ್ಬರ ಬಳಿ ಸೇರಿಕೊಂಡೆ.

ಅವರು ನನ್ನನ್ನು ಹುಟ್ಟೂರು ತರೀಕೆರೆಗೇ ಕಳಿಸಿದರು. ನಲವತ್ತು ಜನರ ರಕ್ತ ತೆಗೆಸಿ, ಐಸ್ ತುಂಬಿದ ಡಬ್ಬಿಯಲ್ಲಿಟ್ಟು ಅದೇ ದಿನ ಬೆಂಗಳೂರಿಗೆ ತಲುಪಿಸಬೇಕು, ಕೆಟ್ಟರೆ ಮತ್ತೆ ಮುಖ ತೋರಿಸುವುದೇ ಬೇಡ ಎಂದಿದ್ದರು. ಊರಿನ ಆಸ್ಪತ್ರೆಯ ನರ್ಸಮ್ಮ ಸೂಜಿ ಚುಚ್ಚಿದರು. ನಾನು ಗೋಡೆ ನೋಡುತ್ತ ಹೆಸರು ಬರೆದುಕೊಂಡೆ. ಅವಲಕ್ಕಿ ಮಾರುವ ಸಿದ್ದಮ್ಮನಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಯಾಕೆಂದು ತಿಳಿಸಲೇಬೇಕು ಎಂದು ನನ್ನಿಂದ ಮಾತು ತೆಗೆದುಕೊಂಡೇ ಅವಳು ತೋಳು ಚಾಚಿದ್ದಳು.

ಕಡೂರಿನಲ್ಲಿ ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು. ಬೀರೂರು ಇನ್ನೂ ದೂರವಿರುವಾಗಲೇ ಬಸ್ಸು ಕೆಟ್ಟು ನಿಂತಿತು. ಸುಡು ಬಿಸಿಲು. ಡಬ್ಬಿ ಅಲುಗಿಸಿದರೆ ಐಸಿನ ಸದ್ದಿಲ್ಲ, ಬರೀ ನೀರಿನ ಸದ್ದು. ಅದೇ ಬಸ್ಸಿನಲ್ಲಿ ಕಡೂರಿನ ಸಂತೆಗೆ ಹೊರಟಿದ್ದ ಸಿದ್ದಮ್ಮ ನನ್ನ ಮುಖ ನೋಡಿ ಹತ್ತಿರ ಬಂದಳು.

“ನನ್ ರಕ್ತ ಕೆಟ್ಟೋಯ್ತದೇನಪ್ಪಾ?”

ಐಸ್ ಸಿಗದಿದ್ದರೆ ಎಲ್ಲರದೂ ಕೆಡುತ್ತದೆ ಎಂದೆ. ಅವಳು ಏದುತ್ತಲೇ ರಸ್ತೆಗಿಳಿದು, ಸೈಕಲ್ಲಿನಲ್ಲಿ ಐಸ್‌ಕ್ಯಾಂಡಿ ಮಾರಿಕೊಂಡು ಬರುತ್ತಿದ್ದ ಸಾಬರನ್ನು ತಡೆದು ವಿಷಯ ಹೇಳಿದಳು. ಅವರು ಮರುಮಾತಿಲ್ಲದೆ ಪೆಟ್ಟಿಗೆಯಲ್ಲಿದ್ದ ಕ್ಯಾಂಡಿಯನ್ನೆಲ್ಲ ನನ್ನ ಡಬ್ಬಿಗೆ ಸುರಿದರು. ಎಲ್ಲವೂ ಕೆಂಪು ಕ್ಯಾಂಡಿ. ಸ್ವಲ್ಪ ಹೊತ್ತಿಗೆ ಮುಚ್ಚಳದ ಸಂದಿಯಿಂದ ಕೆಂಪು ನೀರು ನನ್ನ ಬಿಳಿ ಪ್ಯಾಂಟಿನ ಮೇಲೆ ಇಳಿಯಿತು. ಸೀಸೆಗಳು ಒಡೆದವೆಂದುಕೊಂಡೆ. ಆಮೇಲಿನದು ನೆನಪಿಲ್ಲ.

ಎಚ್ಚರವಾದಾಗ, ಸಿದ್ದಮ್ಮ ಕೈ ಅಡ್ಡ ಹಾಕಿ ನಿಲ್ಲಿಸಿದ ಲಾರಿಯೊಂದರಲ್ಲಿ, ಭತ್ತದ ಮೂಟೆಗಳ ಮೇಲಿದ್ದೆ. ಡಬ್ಬಿ ಅವಳ ಮಡಿಲಲ್ಲಿತ್ತು. ರೈಲು ಸಿಕ್ಕಿತು, ಒಂದು ಸೀಸೆಯೂ ಕೆಟ್ಟಿರಲಿಲ್ಲ. ಪ್ರೊಫೆಸರರು ನನ್ನ ಸಮಯಪ್ರಜ್ಞೆಯನ್ನು ಹೊಗಳಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

ನಲವತ್ತರಲ್ಲಿ ತೀರಾ ತೆಳುವಾಗಿದ್ದ ರಕ್ತ ಸಿದ್ದಮ್ಮನದೇ. ಪರೀಕ್ಷೆಯ ಚೀಟಿ ಹಿಡಿದು ನಾನೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ತಿಂಗಳುಗಟ್ಟಲೆ ಮಾತ್ರೆ ನುಂಗಿದ ಮೇಲೆ ಅವಳು ಅವಲಕ್ಕಿ ಮೂಟೆ ಹೊತ್ತು ಸರಸರನೆ ನಡೆದದ್ದನ್ನು ಕಂಡ ದಿನ, ಬೇರೆ ಕೆಲಸ ಹುಡುಕುವುದನ್ನು ಬಿಟ್ಟೆ.

ಪಿಎಚ್.ಡಿ. ಪ್ರಬಂಧ ಸಿದ್ಧವಾದಾಗ ಒಯ್ದು ತೋರಿಸಿದೆ. ತನ್ನ ಹೆಸರೆಲ್ಲಿ ಎಂದಳು. ಹೆಸರು ಹಾಕುವಂತಿಲ್ಲ, ಹದಿನೇಳನೇ ಮಾದರಿ ಎಂದರೆ ಅವಳೇ ಎಂದು ತಿಳಿಸಿದೆ. ಹಾಗಾದರೆ ರಟ್ಟಿನ ಮೇಲಿನ ಬಂಗಾರದಕ್ಷರ ಯಾರದ್ದೆಂದು ಕೇಳಿದಳು. ನನ್ನದು ಎಂದೆ.

“ನೀನು ಬಿದ್ದಿದ್ದು ಬರ್ದಿದೀಯ?”

ಬರೆದಿರಲಿಲ್ಲ. ‘ಮಾದರಿಗಳನ್ನು ಸೂಕ್ತ ಶೀತದಲ್ಲಿ ಸಾಗಿಸಲಾಯಿತು’ ಎಂದಷ್ಟೇ ಬರೆದಿದ್ದೆ.