ಕರ್ಯಾನ ಮೈ, ನನ್ನ ವಾದ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗೆದ್ದ ನನ್ನಂಥವನನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕಿಂತ ನಾಯಿ ಮೈಯಲ್ಲಿ ಉಣ್ಣಿ ಇಟ್ಟುಕೊಳ್ಳುವುದು ಮೇಲು. ಉಣ್ಣಿ ಹೊಟ್ಟೆ ತುಂಬಿದ ಮೇಲಾದರೂ ಕಚ್ಚಿದ್ದನ್ನು ಬಿಡುತ್ತದೆ.

ನಮ್ಮ ಕರ್ಯಾ ಮುನವಳ್ಳಿಯ ಬೀದಿಯಲ್ಲಿ ಹುಟ್ಟಿ, ಅವ್ವ ಹಾಕಿದ ರೊಟ್ಟಿ-ಹಾಲು ತಿಂದು ಬೆಳೆದ ನಾಯಿ. ಓದಿದವನಾದ ನಾನು ಅದಕ್ಕೆ ಕೋಳಿಮಾಂಸದ ಪಾಕೀಟಿನ ತಿನಿಸು ತಂದು, ಸಮತೋಲನ ಆಹಾರದ ಬಗ್ಗೆ ಅವ್ವನಿಗೆ ಭಾಷಣವನ್ನೂ ಮಾಡಿದೆ. ತಿಂಗಳೊಳಗೆ ಕರ್ಯಾ ಸದಾ ಪಾದ ನೆಕ್ಕತೊಡಗಿತು, ಕಿವಿ ನಾರತೊಡಗಿತು, ಹೊಟ್ಟೆಯ ಕೂದಲುದುರಿ ಕೆಂಪು ಚರ್ಮ ಕಂಡಿತು. ಪಕ್ಕದ ಗ್ಯಾರೇಜಿನ ದಸ್ತಗೀರ್ ಮಾಮಾ ಡಬ್ಬಿ ಹಿಡಿದು ಬಂದರು. "ಸುಟ್ಟ ಆಯಿಲ್ ಹಚ್ಚೋ ತಮ್ಮಾ, ವಾರದಾಗ ಕಜ್ಜಿ ಗಾಯಬ್!" ಇಂಜಿನ್ನಿನ ಹಳೇ ಎಣ್ಣೆ ನೆಕ್ಕಿದರೆ ನಾಯಿಗೆ ವಿಷ ಎಂದು ಅರ್ಧ ತಾಸು ಸಾಧಿಸಿದೆ. "ನಿನ್ನ ಬಾಯಿಗೆ ಬ್ರೇಕ್ ಕೂಡ್ಸೋ ಮಿಸ್ತ್ರಿ ಇನ್ನೂ ಹುಟ್ಟಿಲ್ಲ ಬಿಡಪಾ" ಎಂದು ಡಬ್ಬಿ ಹೊತ್ತುಕೊಂಡು ಹೋದರು. ಅಷ್ಟರಮಟ್ಟಿಗೆ ನಾನು ಹೇಳಿದ್ದು ಸರಿ. ಸರಿಯಾದದ್ದೇ ಕೇಡಾಯಿತು, ಮುಂದಿನದೆಲ್ಲಕ್ಕೂ ನಾನೇ ಸರಿ ಎಂದುಕೊಂಡೆ.

ಏಕೆಂದರೆ ಮರುದಿನ ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದ್ದಳು, "ಆ ಪಾಕೀಟು ಬಂದಾಗಿಂದನ ಕೆರಕೊಳ್ಳಾಕ ಹತ್ತೇತಿ ನೋಡು."

"ಒಂದರ ಹಿಂದ ಇನ್ನೊಂದು ಬಂದ್ರ ಅದರಿಂದನ ಬಂತು ಅಂತಲ್ಲಬೇ. ಕೋಳಿ ಕೂಗಿದ ಮ್ಯಾಲ ಸೂರ್ಯ ಹುಟ್ಟತಾನ. ಕೋಳಿ ಅವನ್ನ ಹುಟ್ಟಸ್ತೈತೇನು?"

"ಕೋಳಿ ಕೂಗಿದ್ದಲ್ಲೋ, ಕೋಳಿ ತಿಂದದ್ದು ಹೇಳಾಕ ಹತ್ತೇನಿ."

ಅದನ್ನು ನಾನು ವಾದವೆಂದೇ ಪರಿಗಣಿಸಲಿಲ್ಲ. ಮೂರು ತಿಂಗಳು ಮೂರು ಬಗೆಯ ಶಾಂಪೂ ತಿಕ್ಕಿದೆ. ಕರ್ಯಾ ಕಿವಿಯನ್ನು ರಕ್ತ ಬರುವಂತೆ ಕೆರೆದುಕೊಂಡ ದಿನ ಸವದತ್ತಿಗೆ ಒಯ್ದೆವು. ಪಶುವೈದ್ಯರು ಉಣ್ಣಿ ಹುಡುಕಿದರು, ಸಿಗಲಿಲ್ಲ; ಚರ್ಮ ಕೆರೆದು ಪರೀಕ್ಷಿಸಿ ಕಜ್ಜಿಯಲ್ಲವೆಂದರು. ಆಮೇಲೆ ಕೇಳಿದರು, "ತಿನ್ನೂದ್ರಾಗ ಹೊಸಾದೇನರ ಸುರು ಮಾಡೀರೇನ್ರಿ?" ಅವ್ವನ ಕಡೆ ನೋಡದೆ ಪಾಕೀಟಿನ ವಿಷಯ ಹೇಳಿದೆ.

ಕಿವಿಗೆ ಔಷಧಿ, ಹೊಟ್ಟೆಗೆ ಮತ್ತೆ ಅವ್ವನ ರೊಟ್ಟಿ-ಹಾಲು. ಎರಡು ತಿಂಗಳಲ್ಲಿ ಕೂದಲು ಬಂತು. "ಅಲರ್ಜಿ ಇದರದ್ದ ಅಂತ ಖಾತ್ರಿ ಬೇಕಂದ್ರ, ಅದನ್ನ ಮತ್ತೊಮ್ಮೆ ಸ್ವಲ್ಪ ಹಾಕಿ ನೋಡಬೇಕಾಗ್ತದ" ಎಂದರು ಡಾಕ್ಟರು. ನನ್ನ ಮುಖ ಅರಳಿದ್ದನ್ನು ಅವ್ವ ಕಂಡಳು.

"ನೀ ಗೆಲ್ಲಾಕ ಅದು ಮತ್ತ ಕೆರಕೋಬೇಕೇನೋ?"

ಪಾಕೀಟನ್ನು ಅವಳೇ ತಿಪ್ಪೆಗೆಸೆದಳು. ಹೀಗಾಗಿ ಏನೂ ಸಾಬೀತಾಗಿಲ್ಲ. ನಿಯಮದ ಪ್ರಕಾರ ನಾನು ಸೋತಿಲ್ಲ. "ನಾ ಹೇಳಿದ್ದಿಲ್ಲೇನು" ಎಂದು ಅವ್ವ ಎಂದಾದರೂ ಅಂದಾಳೆಂದು ಉತ್ತರ ಸಿದ್ಧ ಮಾಡಿಕೊಂಡು ಕೂತಿದ್ದೇನೆ. ಅವಳು ಅನ್ನುತ್ತಲೇ ಇಲ್ಲ. ಕರ್ಯಾನ ಬಲಗಿವಿಯ ಅಂಚಿಗೆ ಮಾತ್ರ ಕೂದಲು ಬಂದಿಲ್ಲ. ನಾನು ಬಾಯಿ ತೆರೆದರೆ ಸಾಕು, ಕರ್ಯಾ ಆ ಕಿವಿ ಮಡಚಿಕೊಂಡು ಎದ್ದು, ಅವ್ವನ ಬೆನ್ನ ಹಿಂದೆ ಹೋಗಿ ಮಲಗುತ್ತದೆ.