ಪಕ್ಕದ ಮನೆಯವರ ಅಡ್ಡಹೆಸರು

ಯಾರದಾದರೂ ಅಡ್ಡಹೆಸರು ಕಿವಿಗೆ ಬಿದ್ದರೆ ಅದರ ಬೇರು ಕೆದಕದೆ ನನಗೆ ಊಟ ಸೇರುವುದಿಲ್ಲ. ಇದು ಕೆಟ್ಟ ಚಟವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಹುಬ್ಬಳ್ಳಿ ಕಡೆ ಇದಕ್ಕೆ ಹೆಚ್ಚು ಕಷ್ಟವಿಲ್ಲ; ಮೆಣಸಿನಕಾಯಿ ಮನೆತನದ ಅಜ್ಜ ಏನು ಮಾರುತ್ತಿದ್ದ ಎಂದು ಸಂಶೋಧನೆ ಮಾಡಬೇಕಾಗಿಲ್ಲ. ಆದರೆ ಪರದೇಶದ ಲೋವರ್ ಹಟ್ ಎಂಬ ಊರಿಗೆ ಬಂದು ಮನೆ ಮಾಡಿದ ಮೇಲೆ ಬೇಲಿಯಾಚೆ ಸಿಕ್ಕವರು ಮಾರ್ಟಿನ್ ಕ್ವಾಘೆಬೂರ್. ಅವರ ಮುತ್ತಜ್ಜ ಬೆಲ್ಜಿಯಮ್ಮಿನ ಫ್ಲೆಮಿಶ್ ಸೀಮೆಯಿಂದ ಹಡಗು ಹತ್ತಿ ಬಂದವನಂತೆ. ಹೆಸರಿನ ಅರ್ಥ ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. “ನನ್ನ ಎಂಬತ್ತನೇ ಹುಟ್ಟುಹಬ್ಬಕ್ಕೆ ಮೊಮ್ಮಕ್ಕಳ ಮುಂದೆ ಹೇಳ್ತೀನಿ, ಹುಡುಕಿಕೊಡು” ಎಂದರು. ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ.

ಹುಡುಕಿದೆ, ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು. ‘ಕ್ವಾಡೆ’ ಅಂದರೆ ಕೆಟ್ಟ, ‘ಗೆಬೂರ್’ ಅಂದರೆ ನೆರೆಯವನು. ನಾವು ಊರಿಗೆ ಹೋದಾಗ ನಮ್ಮ ಕಸದ ಡಬ್ಬಿಯನ್ನು ರಸ್ತೆಗಿಟ್ಟು ತಿರುಗಿ ತಂದಿಡುವ ಮನುಷ್ಯ. ಫಿಜೋವಾ ಹಣ್ಣಿನ ಕಾಲದಲ್ಲಿ ನಮ್ಮ ಬಾಗಿಲಿಗೆ ಬುಟ್ಟಿ ಇಟ್ಟು ಸದ್ದಿಲ್ಲದೆ ಹೋಗುವ ಮನುಷ್ಯ. ಅವರಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ? ‘ಒಳ್ಳೆಯ ನೆರೆಯವನು’ ಎಂದು ತಿರುಚಿದರಾಯಿತು ಎಂದು ಹೆಂಡತಿ ಸುನಂದಾಳ ಮುಂದೆ ಅಂದೆ.

“ಮೊಮ್ಮಕ್ಕಳ ಕೈಯಾಗ ಫೋನ್ ಇರಂಗಿಲ್ಲೇನು? ಸುಳ್ಳು ಹೇಳಿ, ಪಾಪ, ಅಂಕಲ್‌ನ ಎಲ್ಲಾರ ಮುಂದ ನಗೆಪಾಟಲು ಮಾಡಬ್ಯಾಡ್ರಿ” ಎಂದಳು.

ಶನಿವಾರ ಹೋಗಿ ಹೇಳಿಬಿಟ್ಟೆ. ಮಾರ್ಟಿನ್ ಚಹಾದ ಕಪ್ಪು ಕೆಳಗಿಟ್ಟು, “ನಾನೂ ಹಾಗೇನಾ?” ಎಂದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದರು. ನಿಮ್ಮಂಥವರು ಪಕ್ಕದಲ್ಲಿರುವುದು ನಮ್ಮ ಪುಣ್ಯ ಎಂದು ನಾಲ್ಕಾರು ಸಲ ಹೇಳಿದೆ.

ಅವರು ಕಪ್ಪನ್ನು ಮತ್ತೆ ಕೈಗೆತ್ತಿಕೊಂಡರು. “ಹೇಗೂ ಹೆಸರು ಬಂದಾಗಿದೆ. ಆರು ವರ್ಷದಿಂದ ಒಳಗೇ ಇಟ್ಕೊಂಡ ಮಾತು ಹೇಳಿಬಿಡ್ತೀನಿ. ದಿನಾ ಸಂಜೆ ಮನೆ ಹೊರಗಿನ ಡೆಕ್ ಮೇಲೆ ನಿಂತು ನಿಮ್ಮಮ್ಮನ ಜೊತೆ ಫೋನಲ್ಲಿ ಮಾತಾಡ್ತೀಯಲ್ಲ, ಆಗ ನನ್ನ ಟೀವಿ ನನಗೇ ಕೇಳಿಸಲ್ಲ.”

ಅವ್ವನಿಗೆ ಕಿವಿ ಮಂದ. ಹುಬ್ಬಳ್ಳಿಗೆ ಮುಟ್ಟಲಿ ಎಂದು ಕೂಗುತ್ತಿದ್ದೆ. ನಾಚಿಕೆಯಾಗಿ ಅಂದಿನಿಂದ ಬಟ್ಟೆ ಒಗೆಯುವ ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡತೊಡಗಿದೆ.

ನಾಲ್ಕನೆಯ ದಿನ ಮಾರ್ಟಿನ್ ಬೇಲಿಯ ಹತ್ತಿರ ನನಗಾಗಿ ಕಾದಿದ್ದರು. “ಮೂರು ಸಂಜೆಯಿಂದ ನಿನ್ನ ಸದ್ದಿಲ್ಲ. ನಿಮ್ಮಮ್ಮ ಆರಾಮಾಗಿದ್ದಾರಾ?” ಎಂದರು. ಅವರ ಮುಖದಲ್ಲಿ ನಿಜವಾದ ಗಾಬರಿಯಿತ್ತು. ಆರಾಮಾಗಿದ್ದಾರೆ ಎಂದ ಮೇಲೆಯೇ ನಕ್ಕರು. “ಹುಟ್ಟುಹಬ್ಬಕ್ಕೆ ಬಾ. ಹೆಸರಿನ ಅರ್ಥ ನಾನೇ ಹೇಳ್ತೀನಿ. ಮೊಮ್ಮಕ್ಕಳು ಉದಾಹರಣೆ ಕೇಳಿದರೆ ನಿನ್ನನ್ನ ತೋರಿಸ್ತೀನಿ.”

ಅಂದು ಸಂಜೆ ಮತ್ತೆ ಡೆಕ್ಕಿಗೆ ಬಂದು ಅವ್ವನಿಗೆ ಫೋನ್ ಹಚ್ಚಿದೆ. ದನಿ ತಗ್ಗಿಸಿ ಮಾತಾಡಿದೆ ಎಂದು ಬರೆಯುವ ಆಸೆಯೇನೋ ಇದೆ. ಆದರೆ ಇದನ್ನು ಸುನಂದಾ ಓದುತ್ತಾಳೆ.