ನಮ್ಮ ಮನೆಯ ಲಂಡನ್ ಸಾಹೇಬರು

ನಮ್ಮ ಮನೆಯ ರೇಷನ್ ಕಾರ್ಡಿನಲ್ಲಿ ಇದ್ದದ್ದು ನಾಲ್ಕೇ ಹೆಸರು. ಆದರೆ ಮನೆಯಲ್ಲಿ ಇದ್ದವರು ಐದು ಜನ. ಐದನೆಯವರು ಲಂಡನ್ನಿನವರು, ಪುಸ್ತಕ ಪ್ರಕಾಶಕರು, ತೀರಿಕೊಂಡು ನೂರು ವರ್ಷ ದಾಟಿತ್ತು. ತೀರಿಕೊಂಡವರು ಎಷ್ಟು ಜಾಗ ಹಿಡಿದಾರು ಎಂದು ನೀವು ಕೇಳಬಹುದು. ನಮ್ಮ ಮನೆಗೆ ಬಂದಿದ್ದರೆ ಕೇಳುತ್ತಿರಲಿಲ್ಲ! ಅವರನ್ನು ಒಂಬತ್ತು ವರ್ಷ ಸಾಕಿದವರು ನಮ್ಮ ಮಾವನವರು. ಸುಸ್ತಾದವರು ಮಾತ್ರ ಅತ್ತೆ, ನಮ್ಮ ಯಜಮಾನರು ಮತ್ತು ನಾನು.

ಮಾವನವರು ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ಯಲಹಂಕದಲ್ಲಿ ನಿವೃತ್ತರಾದವರು ಬೆಳಿಗ್ಗೆ ಅಲ್ಲಾಳಸಂದ್ರದ ಕೆರೆ ಸುತ್ತುತ್ತಾರೆ, ಸಂಜೆ ಸರ್ಕಾರವನ್ನು ಬೈಯುತ್ತಾರೆ. ಇವರಿಗೆ ಎರಡೂ ಒಗ್ಗಲಿಲ್ಲ. ದೇವನಹಳ್ಳಿಗೆ ಹೊಸ ವಿಮಾನ ನಿಲ್ದಾಣ ಬಂದ ವರ್ಷ ಅದು. ನಮ್ಮ ಬೀದಿಯವರೆಲ್ಲ ತಲೆಯೆತ್ತಿ ವಿಮಾನ ನೋಡುತ್ತಿದ್ದಾಗ ಮಾವ ಯಶವಂತಪುರದ ಗುಜರಿ ಅಂಗಡಿಯಲ್ಲಿ ತಲೆ ಬಗ್ಗಿಸಿ ಕೂತಿದ್ದರು. ಸಂಪಿನ ಮೋಟರಿಗೆ ಒಂದು ಬುಷ್ ಹುಡುಕಿ ತರುತ್ತೇನೆಂದು ಹೋದವರು ರಟ್ಟು ಹರಿದ ಹಳೆಯ ಇಂಗ್ಲಿಷ್ ಪುಸ್ತಕವೊಂದನ್ನು ಎದೆಗವಚಿಕೊಂಡು ಬಂದರು.

"ಬುಷ್ ಸಿಕ್ತೇನ್ರೀ?" ಅಂದರು ಅತ್ತೆ.

"ಅದಕ್ಕಿಂತ ದೊಡ್ಡದು ಸಿಕ್ತು ಕಣೇ."

"ದೊಡ್ಡದಾದ್ರೆ ಮೋಟ್ರಿಗೆ ಕೂರುತ್ತಾ?"

ಪುಸ್ತಕ ಬಾವಿಗೆ ಪಂಪು ಕೂರಿಸುವ ವಿಷಯದ್ದು. ಅದನ್ನು ಮಾವ ಒಂದು ವಾರದಲ್ಲಿ ಓದಿ ಪಕ್ಕಕ್ಕಿಟ್ಟರು. ಅವರು ಮರುಳಾದದ್ದು ಪುಸ್ತಕದ ಬಾಲಕ್ಕೆ. ಆ ಕಾಲದ ಪ್ರಕಾಶಕರು ತಮ್ಮ ಮಿಕ್ಕ ಪುಸ್ತಕಗಳ ಪಟ್ಟಿಯನ್ನು ಕೊನೆಯಲ್ಲಿ ಸೇರಿಸಿ ಹೊಲಿಯುತ್ತಿದ್ದರಂತೆ. ಇಟ್ಟಿಗೆ ಸುಡುವುದು, ಬೀಗ ಮಾಡುವುದು, ಗಡಿಯಾರ ಬಿಚ್ಚಿ ಜೋಡಿಸುವುದು, ಹಬೆ ಎಂಜಿನ್ನಿನ ಹೊಟ್ಟೆ ತೊಳೆಯುವುದು, ಮನೆಗೆ ಸಿಡಿಲು ಬಡಿಯದಂತೆ ಕಂಬಿ ನೆಡುವುದು, ಹೀಗೆ ಪುಟಗಟ್ಟಲೆ. ಎಲ್ಲವೂ ಕೈಕೆಲಸದವರು ಜೇಬಿನಲ್ಲಿಟ್ಟುಕೊಂಡು ಓಡಾಡುವಂಥ ಸಣ್ಣ, ಅಗ್ಗದ ಪುಸ್ತಕಗಳು.

"ಈ ಮನುಷ್ಯ ಒಂದು ದೇಶಕ್ಕೇ ಕೈಕೆಲಸ ಹೇಳ್ಕೊಟ್ಟವ್ರೆ ಕಣಮ್ಮ," ಎಂದು ನನಗೆ ಪಟ್ಟಿ ತೋರಿಸಿದರು. "ಪಂಪು ಕಂಡುಹಿಡಿದೋನಿಗೆ ಪ್ರತಿಮೆ ಇರುತ್ತೆ. ಅದನ್ನ ರಿಪೇರಿ ಮಾಡೋದು ಹೆಂಗೆ ಅಂತ ಅಚ್ಚು ಹಾಕ್ದೋರನ್ನ ಯಾರಾದ್ರೂ ನೆನೆಸ್ಕೋತಾರಾ?"

ನಾನು ಸುಮ್ಮನೆ "ಇಲ್ಲ ಮಾವ" ಅಂದೆ. ಅದೊಂದು ಮಾತಿನಿಂದ ಸಾಹೇಬರು ನಮ್ಮ ಮನೆಗೆ ಬಂದು ನೆಲೆಸಿದರು. ಅವರ ಜೀವನ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವುದೆಂದು ಮಾವ ಅಂದೇ ತೀರ್ಮಾನಿಸಿದರು.

ಲಂಡನ್ನಿನ ಗ್ರಂಥಾಲಯಗಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ದುಂಡು ಅಕ್ಷರ ಕೊನೆಗೂ ಹಾಲಿನವನ ಚೀಟಿಯಿಂದಾಚೆ ಉಪಯೋಗಕ್ಕೆ ಬಂದಿತಲ್ಲ ಎಂದು ನನಗೂ ಒಳಗೊಳಗೇ ಖುಷಿ. ಐದನೆಯ ಕಾಗದಕ್ಕೆ ಉತ್ತರ ಬಂತು. ಮಾವ ಅದನ್ನು ತಕ್ಷಣ ಒಡೆಯಲಿಲ್ಲ. ಸ್ನಾನ ಮಾಡಿದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟರು, ಕುರ್ಚಿಯಲ್ಲಿ ನೆಟ್ಟಗೆ ಕೂತು ಕತ್ತರಿ ಕೇಳಿದರು. ಒಳಗಿದ್ದದ್ದು ಹಳೆಯ ಕಿರುಹೊತ್ತಗೆಯೊಂದರ ಜೆರಾಕ್ಸ್ ಪ್ರತಿ. ಸಾಹೇಬರ ಅಂಗಡಿಯಲ್ಲಿ ದುಡಿದವರೊಬ್ಬರು ಬರೆದಿಟ್ಟದ್ದು.

ಅದರಲ್ಲಿ ಸಾಹೇಬರ ಎರಡು ನಿಯಮಗಳಿದ್ದವು. ಒಂದು, ಯಾವ ಪುಸ್ತಕವನ್ನೂ ಅಚ್ಚಿಗೆ ಕೊಡುವ ಮುಂಚೆ ಆ ವಿಷಯ ಏನೇನೂ ತಿಳಿಯದ ಒಬ್ಬರನ್ನು ಕೂರಿಸಿಕೊಂಡು ಓದಿ ಹೇಳಬೇಕು, ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಲಾಗದಿದ್ದರೆ ದಡ್ಡರು ಅವರಲ್ಲ, ಬರೆದವರು. ಎರಡು, ಅಚ್ಚಾದ ಮೇಲೆ ತಪ್ಪು ಕಂಡರೆ ಅದನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಪುಸ್ತಕದ ಮೊದಲ ಪುಟದಲ್ಲೇ ಅಂಟಿಸಬೇಕು. ಕೊನೆಯ ಪುಟದಲ್ಲಿ ಬಚ್ಚಿಡಬಾರದು.

ಈ ಎರಡು ನಿಯಮ ಓದಿದ ದಿನದಿಂದ ಮಾವ ನೆಲದ ಮೇಲೆ ನಿಲ್ಲಲಿಲ್ಲ.

ಮೊದಲ ಪ್ರಯೋಗ ನಡೆದದ್ದು ಸಂಪಿನ ಮೋಟರಿನ ಮೇಲೆ. ಬುಷ್ ಅಂತೂ ಬಂದಿತ್ತು. ಮೋಟರು ಹಾಕುವುದು ಹೇಗೆಂದು ಹದಿನಾಲ್ಕು ಸೂಚನೆ ಬರೆದು ಸ್ವಿಚ್ಚಿನ ಪಕ್ಕ ನೇತುಹಾಕಿದರು. ಒಂದನೆಯದು, ಕೈ ಒರೆಸಿಕೊಳ್ಳಿ. ಎರಡನೆಯದು, ಚಪ್ಪಲಿ ಮೆಟ್ಟಿಕೊಳ್ಳಿ. ಪರೀಕ್ಷೆಗೆ ಸಿಕ್ಕವರು ಅಟ್ಟೂರಿನಿಂದ ಕೆಲಸಕ್ಕೆ ಬರುತ್ತಿದ್ದ ಮುನಿಯಮ್ಮ. ಅವರಿಗೆ ಓದು ಬಾರದು. ಹಾಗಾಗಿ ಮಾವನೇ ಗಟ್ಟಿಯಾಗಿ ಓದುತ್ತ ಹೋದರು, ಆಕೆ ಅದರಂತೆ ಮಾಡುತ್ತ ಹೋದರು. ಆರನೆಯ ಸೂಚನೆಗೆ ಮೋಟರು ಶುರುವಾಯಿತು. ಹನ್ನೊಂದನೆಯದಕ್ಕೆ ಬರುವ ಹೊತ್ತಿಗೆ ತಾರಸಿಯ ಟ್ಯಾಂಕು ತುಂಬಿ ನೀರು ಜಲಪಾತದಂತೆ ಇಬ್ಬರ ತಲೆಯ ಮೇಲೂ ಸುರಿಯುತ್ತಿತ್ತು.

"ಸಾಮಿ, ನೀವು ಇಂಗೇ ಓದ್ತಾ ಇದ್ರೆ ಸಂಪೂ ಖಾಲಿ ಆಯ್ತದೆ," ಅಂದರು ಮುನಿಯಮ್ಮ, ಸೆರಗು ಹಿಂಡಿಕೊಳ್ಳುತ್ತ.

ಬೇರೆ ಯಾರಾದರೂ ಆಗಿದ್ದರೆ ಮುಖ ಗಂಟಿಕ್ಕುತ್ತಿದ್ದರು. ಮಾವ ಒದ್ದೆ ಅಂಗಿಯಲ್ಲೇ ಒಳಗೆ ಓಡಿ ಬಂದು, "ಸಾಹೇಬ್ರು ಹುಡುಕ್ತಿದ್ದಿದ್ದು ಇಂಥೋರನ್ನೇ ಕಣಮ್ಮ!" ಎಂದು ಸಂಭ್ರಮಿಸಿದರು. ಹದಿನಾಲ್ಕು ಸೂಚನೆಗಳು ಒಂದಾದವು: "ಸ್ವಿಚ್ ಹಾಕಿದ ಮೇಲೆ ಇಲ್ಲೇ ನಿಂತಿರಿ." ಅದು ಈಗಲೂ ಅಲ್ಲೇ ಇದೆ.

ಇನ್ನು ಸಾಹೇಬರ ಚರಿತ್ರೆಗೆ ಏನೇನೂ ತಿಳಿಯದವರು ಬೇಕಲ್ಲ? ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಾವ ಘೋಷಿಸಿದರು. "ನಮ್ಮ ಸೊಸೇನೇ ಸರಿ. ಪಂಪು ಗೊತ್ತಿಲ್ಲ, ಅಚ್ಚಿನ ಕೆಲಸ ಗೊತ್ತಿಲ್ಲ, ಕನ್ನಡಾನೂ ನಿಧಾನಕ್ಕೆ ಓದ್ತಾಳೆ."

"ಅಪ್ಪ, ಬಯ್ತಿದ್ದೀರೋ ಹೊಗಳ್ತಿದ್ದೀರೋ?" ಅಂದರು ನಮ್ಮ ಯಜಮಾನರು.

"ಹುದ್ದೆ ಕೊಡ್ತಿದ್ದೀನಪ್ಪ. ನಿನಗೆ ಕೊಡೋಣ ಅಂದ್ರೆ ನೀನು ಎಲ್ಲಾ ಗೊತ್ತಿರೋನು."

ಹೀಗೆ ದಿನಾ ಮಧ್ಯಾಹ್ನ ಮೂರು ಗಂಟೆಗೆ ನನಗೆ ಕಚೇರಿ. ನಾನು ಸೊಪ್ಪು ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಕೂರುವುದು, ಮಾವ ಭೂತಗನ್ನಡಿ ಹಿಡಿದು ತಮ್ಮ ಬರಹ ಓದುವುದು. ಓದಿ ಮುಗಿಸಿ, "ಅರ್ಥ ಆಯ್ತಾ? ಹೇಳು ಹಂಗಾದ್ರೆ," ಎನ್ನುವರು. ನಾನು ತಡವರಿಸಿದರೆ ಪುಟ ಹರಿದು ಹೊಸದಾಗಿ ಬರೆಯುವರು. ಸರಾಗವಾಗಿ ಹೇಳಿದರೆ ಜೇಬಿನಿಂದ ಕೆಂಪು ಪೆನ್ನು ತೆಗೆದು ಅಂಚಿನಲ್ಲಿ ಟಿಕ್ ಹಾಕುವರು. ಕಲ್ಲಚ್ಚಿನ ಮೇಲೆ ಚಿತ್ರ ಬರೆಯುವ ವಿಧಾನ ನನ್ನ ತಲೆಗೆ ಹೋಗಲು ಒಂದು ವರ್ಷ ಹಿಡಿಯಿತು. ಆ ಟಿಕ್ಕಿಗಾಗಿ ನಾನು ಪಟ್ಟ ಪಾಡನ್ನು ಎಸ್ಸೆಸ್ಸೆಲ್ಸಿಗೂ ಪಟ್ಟಿರಲಿಲ್ಲ.

ಪಿತೃಪಕ್ಷದ ಹಬ್ಬದಲ್ಲಿ ಸಾಹೇಬರ ಪಾಲಿನದು ಬೇರೆಯೇ ಗಲಾಟೆ. ತೀರಿಕೊಂಡ ಹಿರಿಯರಿಗೆ ಅವರವರ ಇಷ್ಟದ ಊಟ ಬಡಿಸಿ ಎಡೆ ಇಡುವುದು ನಮ್ಮ ಮನೆಯ ಪದ್ಧತಿ. ಒಂದು ವರ್ಷ ಮಾವ ಒಂದು ಎಲೆ ಹೆಚ್ಚಿಗೆ ಹಾಕಿದರು.

"ಯಾರಿಗ್ರೀ ಇದು?"

"ಸಾಹೇಬ್ರಿಗೆ. ಪಾಪ, ಅಲ್ಲಿ ಎಡೆ ಇಡೋರು ಯಾರವ್ರೆ?"

ಅತ್ತೆ ಸೌಟು ಕೆಳಗಿಟ್ಟರು. "ಮಟನ್ ಸಾರು ಅವ್ರಿಗೆ ಖಾರ ಆಗುತ್ತೆ. ಮುದ್ದೆ ನುಂಗಕ್ಕೂ ಬರಲ್ಲ," ಎಂದು, ನಮ್ಮ ಯಜಮಾನರನ್ನು ಬೇಕರಿಗೆ ಓಡಿಸಿ ಬೆಣ್ಣೆ ಬನ್ನು ತರಿಸಿದರು. ತಾರಸಿಯ ಮೇಲೆ ಕಾಗೆ ಬಂತು. ನಮ್ಮ ಮಾವನ ತಂದೆಯ ಎಲೆಯನ್ನೂ ತಾಯಿಯ ಎಲೆಯನ್ನೂ ದಾಟಿಕೊಂಡು ಹೋಗಿ ಬನ್ನನ್ನು ಕಚ್ಚಿಕೊಂಡು ಹಾರಿತು. ಅತ್ತೆ ಮೂರು ದಿನ ಸಾಹೇಬರ ಜೊತೆ ಮಾತು ಬಿಟ್ಟಿದ್ದರು.

ಒಂದು ಮಧ್ಯಾಹ್ನ ನನಗೊಂದು ಸಂಶಯ ಬಂತು. "ಮಾವ, ಸಾಹೇಬ್ರಿಗೆ ಮದುವೆ ಆಗಿತ್ತಾ?"

"ಆಗಿತ್ತು. ಮಗಳ ಮದುವೆ ಮುಂದೆ ಎಂಟನೇ ಅಧ್ಯಾಯದಲ್ಲಿ ಬರುತ್ತೆ."

"ಮತ್ತೆ ಅವರ ಹೆಂಡತಿ ಎಲ್ಲೂ ಬರಲ್ಲ?"

ಮಾವ ಜೆರಾಕ್ಸ್ ಪುಟಗಳನ್ನು ತಿರುವಿದರು. "ಅವ್ರ ವಿಷಯ ಏನೂ ಇಲ್ಲಮ್ಮ. ಕರಡು ತಿದ್ದೋ ಕೆಲಸವೆಲ್ಲ ಮನೇಲೇ ಆಗ್ತಿತ್ತು, ಅಂತ ಒಂದು ಸಾಲು ಅದೆ ಅಷ್ಟೇ."

"ಸಾಹೇಬ್ರು ದಿನವೆಲ್ಲ ಅಂಗಡೀಲಿ ಇರ್ತಿದ್ರು ಅಂತ ನೀವೇ ಬರೆದಿದ್ದೀರಲ್ಲ. ಮನೇಲಿ ತಿದ್ದುತ್ತಿದ್ದೋರು ಯಾರು?"

ಮಾವ ಭೂತಗನ್ನಡಿ ಕೆಳಗಿಟ್ಟು ನಾನು ಬಿಡಿಸಿಟ್ಟ ಸೊಪ್ಪಿನ ಕಡೆ ಬಹಳ ಹೊತ್ತು ನೋಡಿದರು. ಆ ಪುಟಕ್ಕೆ ಅಂದು ಟಿಕ್ ಬೀಳಲಿಲ್ಲ. ಮತ್ತೆ ಮೂರು ಕಾಗದ ಬರೆಸಿದರು. ಆಕೆಯ ಹೆಸರು ಎಲ್ಲಿಯೂ ಸಿಗಲಿಲ್ಲ, ಪುಸ್ತಕದಲ್ಲಿ ಕರಡು ತಿದ್ದುವವರು ಸಾಹೇಬರಾಗಿಯೇ ಉಳಿದರು.

ವರ್ಷಗಳು ಹೋದಂತೆ ಮಾವನ ಕಣ್ಣು ಮಂಜಾಗುತ್ತ ಬಂತು. ನರಕ್ಕೆ ಸಂಬಂಧಿಸಿದ್ದು, ಇರುವಷ್ಟನ್ನು ಕಾಪಾಡಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಮಾವ ಅದಕ್ಕೇನೂ ಗಾಬರಿಯಾಗಲಿಲ್ಲ. "ಸಾಹೇಬ್ರನ್ನ ಅಚ್ಚಿನಲ್ಲಿ ನನ್ನ ಕಣ್ಣಲ್ಲೇ ನೋಡ್ಬಿಡ್ತೀನಿ. ಆಮೇಲಿಂದು ಆಮೇಲೆ," ಅಂದರು. ಅಲ್ಲಿಂದ ಮುಂದೆ ಮೂರು ಗಂಟೆಯ ಕಚೇರಿಗೆ ಒಂದು ಅವಸರ ಬಂತು.

ಏಳನೆಯ ಅಧ್ಯಾಯ ಓದಿದ್ದು ಅವರೆಕಾಯಿ ಕಾಲದಲ್ಲಿ. ಮರುದಿನ ಮನೆಗೆ ನೆಂಟರು ಬರುವವರಿದ್ದರು. ನನ್ನ ಮುಂದೆ ಒಂದು ಬೇಸಿನ್ ನೆನೆದ ಕಾಳು. ಹಿತುಕಿ ಹಿತುಕಿ ಬೆರಳು ಜೋಮು ಹಿಡಿದಿತ್ತು. ಮಾವ ಓದಿದರು. ಸಾಹೇಬರ ಪಾಲುದಾರರು, ಅವರಿಬ್ಬರ ಸ್ನೇಹ, ಏನೋ ಒಂದು ಸಾವು. ನನ್ನ ಕಿವಿ ಮಾತ್ರ ಅಲ್ಲಿತ್ತು, ಮನಸ್ಸು ನಾಳೆಯ ಸಾರಿನಲ್ಲಿತ್ತು.

"ಅರ್ಥ ಆಯ್ತಾ?"

"ಆಯ್ತು ಮಾವ. ಚೆನ್ನಾಗಿ ಅರ್ಥ ಆಯ್ತು."

ಕಣ್ಣು ನೀರು ಸುರಿಸುತ್ತಿತ್ತೆಂದೋ ಏನೋ, ಅವತ್ತು ಅವರು "ಹೇಳು ಹಂಗಾದ್ರೆ" ಎನ್ನಲಿಲ್ಲ. ನನ್ನ ಮಾತು ನಂಬಿ ಕೆಂಪು ಟಿಕ್ ಹಾಕಿಬಿಟ್ಟರು. ನಾನು ಕಾಳು ಹಿತುಕುತ್ತಲೇ ಇದ್ದೆ.

ಮದುವೆ ಪತ್ರಿಕೆ ಅಚ್ಚು ಹಾಕುವ ಯಶವಂತಪುರದ ಸಣ್ಣ ಪ್ರೆಸ್ಸೊಂದು ಪುಸ್ತಕ ಮಾಡಿಕೊಟ್ಟಿತು. ಮುನ್ನೂರು ಪ್ರತಿ ಗೂಡ್ಸ್ ಆಟೋದಲ್ಲಿ ಬಂದವು. ಅಭ್ಯಾಸಬಲದಿಂದ ಪ್ರೆಸ್ಸಿನವರು ಮೊದಲ ಪುಟದ ನೆತ್ತಿಯಲ್ಲಿ ಗಣಪತಿಯ ಚಿತ್ರ ಹಾಕಿದ್ದರು. "ಇರ್ಲಿ ಬಿಡು, ಸಾಹೇಬ್ರಿಗೂ ಒಳ್ಳೇದಾಗ್ಲಿ," ಅಂದರು ಮಾವ.

ಬಡಾವಣೆಯ ಸಂಘದ ಹಾಲಿನಲ್ಲಿ ಬಿಡುಗಡೆ. ಮಾವನ ಹಳೆಯ ಸಹೋದ್ಯೋಗಿಯೊಬ್ಬರು ಬ್ಯಾಟರಾಯನಪುರದಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಕಾರ್ಖಾನೆಯಲ್ಲಿ ತಯಾರಾದ ಮಾಲಿನ ತಪ್ಪು ಹುಡುಕುವುದೇ ಅವರ ಕೆಲಸವಾಗಿತ್ತಂತೆ. ನಿವೃತ್ತರಾದರೂ ಅವರು ಆ ಕೆಲಸ ಬಿಟ್ಟಿರಲಿಲ್ಲ. ಅಧ್ಯಕ್ಷರ ಭಾಷಣ ಮುಗಿಯುವುದರೊಳಗೆ ಅರ್ಧ ಪುಸ್ತಕ ಓದಿ ಎದ್ದು ನಿಂತರು.

"ಏನ್ ಗುರು, ನಿಮ್ಮ ಸಾಹೇಬ್ರು ಏಳನೇ ಅಧ್ಯಾಯದಲ್ಲಿ ತೀರ್ಕೊಂಡವ್ರೆ. ಎಂಟರಲ್ಲಿ ಮಗಳ ಮದುವೇಲಿ ನೆಂಟರಿಗೆ ಬಡಿಸ್ತಾವ್ರೆ. ಹೆಂಗಿದು?"

ಹಾಲಿಗೆ ಹಾಲೇ ನಕ್ಕಿತು. ಪಾಲುದಾರರು ತೀರಿಕೊಂಡರು ಎಂದು ಬರೆಯಬೇಕಾದಲ್ಲಿ, ಒಂಬತ್ತು ವರ್ಷದ ರೂಢಿಯಿಂದ ಮಾವನ ಕೈ ಸಾಹೇಬರು ಎಂದು ಬರೆದುಬಿಟ್ಟಿತ್ತು. ನಾನು ಒಮ್ಮೆ ತಿರುಗಿ ಹೇಳಿದ್ದರೆ ಸಾಕಿತ್ತು, ಸಾಹೇಬರು ಬದುಕುತ್ತಿದ್ದರು. ಮಾವನೂ ಎಲ್ಲರ ಜೊತೆ ನಕ್ಕರು. ಆದರೆ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿ ಬೆನ್ನ ಹಿಂದೆ ಹಿಡಿದುಕೊಂಡರು.

ಮರುದಿನ ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಕೇಳಿದರು. "ಏಳನೇ ಅಧ್ಯಾಯ ನಿನ್ನ ಕೈಲಿ ಹೇಳಿಸ್ದೆನಾ ನಾನು?"

"ಇಲ್ಲ ಮಾವ. ನಾನು ಕೇಳಿಸ್ಕೊಂಡೇ ಇರ್ಲಿಲ್ಲ. ಸುಳ್ಳು ಹೇಳ್ದೆ. ಕಾಳು ಹಿತುಕ್ತಾ ಇದ್ದೆ."

"ಹೂಂ," ಅಂದರು. ಕಾಫಿ ಕುಡಿದರು. ಬಿಳಿ ಅಂಗಿ ತೊಟ್ಟು ಒಬ್ಬರೇ ಆಟೋ ಹತ್ತಿ ಹೋದರು. ಅಷ್ಟು ಮಂಜುಗಣ್ಣಿನಲ್ಲಿ ಒಬ್ಬರೇ ಎಲ್ಲಿಗೆ ಹೋದರೋ ಎಂದು ಅತ್ತೆ ಬಾಗಿಲಿಗೂ ಗೇಟಿಗೂ ಓಡಾಡಿದರು. ನನಗೆ ಅಡುಗೆ ಮನೆಯಿಂದ ಹೊರಗೆ ಬರುವ ಧೈರ್ಯವಾಗಲಿಲ್ಲ.

ಸಂಜೆ ಬಂದರು, ಮುಖದಲ್ಲಿ ಹಬ್ಬ. ಕೈಯಲ್ಲಿ ಪ್ರೆಸ್ಸಿನಿಂದ ತಂದ ಒಂದು ಕಟ್ಟು ಚೀಟಿ. "ಸಾಹೇಬ್ರ ಯಾವ ಪುಸ್ತಕಾನೂ ತಪ್ಪಿನ ಚೀಟಿ ಇಲ್ದೆ ಹೊರಗೆ ಬಂದಿಲ್ಲ. ಈಗ ನಂದೂ ಪೂರ್ತಿ ಆಯ್ತು ನೋಡಮ್ಮ. ಮೈದಾ ಅಂಟು ಕಾಯಿಸು."

ಮೂರು ಜನವೂ ನೆಲದ ಮೇಲೆ ಕೂತೆವು. ಮಾವ ಪುಸ್ತಕ ತೆರೆದು ಕೊಡುವುದು, ನಾನು ಚೀಟಿಯ ಬೆನ್ನಿಗೆ ಅಂಟು ಸವರುವುದು, ಅತ್ತೆ ಗಣಪತಿಯ ಕೆಳಗೆ ಅಂಟಿಸುವುದು. ನನ್ನ ತಪ್ಪನ್ನೇ ಮುನ್ನೂರು ಸಲ ಓದುವುದು ಹೇಗೆಂದು ನಾನು ಚೀಟಿಗಳನ್ನು ಬೋರಲು ಹಾಕಿಕೊಂಡಿದ್ದೆ. ಇಪ್ಪತ್ತು ಮೂವತ್ತಾದ ಮೇಲೆ ಅತ್ತೆ, "ಏನು ಬರ್ದವ್ರೆ ಓದಮ್ಮ, ನನ್ನ ಕನ್ನಡಕ ಇಲ್ಲ," ಅಂದರು.

ತಿರುಗಿಸಿ ಓದಿದೆ.

"ಏಳನೇ ಅಧ್ಯಾಯದಲ್ಲಿ ಸಾಹೇಬರು ತೀರಿಕೊಂಡರು ಎಂದಿರುವ ಕಡೆ ಸಾಹೇಬರ ಪಾಲುದಾರರು ಎಂದು ಓದಿಕೊಳ್ಳಬೇಕು.

"ಸಾಹೇಬರು ಕರಡು ತಿದ್ದುತ್ತಿದ್ದರು ಎಂದಿರುವ ಕಡೆಯಲ್ಲೆಲ್ಲ ಸಾಹೇಬರ ಹೆಂಡತಿ ಎಂದು ಓದಿಕೊಳ್ಳಬೇಕು. ಅವರ ಹೆಸರನ್ನು ಆ ಕಾಲದವರು ಯಾರೂ ಬರೆದಿಡಲಿಲ್ಲ.

"ಮುಖಪುಟದಲ್ಲಿ ಒಬ್ಬರ ಹೆಸರು ಮಾತ್ರ ಇದೆ. ಅದೂ ಅಂಥದೇ ತಪ್ಪು. ಈ ಪುಸ್ತಕವನ್ನು ನನ್ನ ಜೊತೆ ಕೂತು ಮಾಡಿದವರು ನನ್ನ ಸೊಸೆ."

ಅದರ ಕೆಳಗೆ, ನನ್ನ ಹೆಸರಿತ್ತು. ಮದುವೆ ಪತ್ರಿಕೆಯ ದಪ್ಪ ಅಕ್ಷರದಲ್ಲಿ, ನನ್ನ ತಂದೆ ಇಟ್ಟ ಪೂರ್ತಿ ಹೆಸರು.

ಅತ್ತೆ ಅಂಟಿನ ಕೈಯಲ್ಲೇ ಕೂತಿದ್ದರು. ಮಾವ ನನ್ನ ಕಡೆ, ನಾನು ಇರಬಹುದಾದ ಕಡೆ, ಮುಖ ತಿರುಗಿಸಿದರು.

"ಅರ್ಥ ಆಯ್ತಾ?"

"ಆಯ್ತು ಮಾವ."

"ಹೇಳು ಹಂಗಾದ್ರೆ."

ಎರಡು ತಪ್ಪು ಹೇಳಿದೆ. ಮೂರನೆಯದಕ್ಕೆ ತಡವರಿಸಿದೆ. ಅವರು ಜೇಬು ತಡಕಿ ಕೆಂಪು ಪೆನ್ನು ತೆಗೆದು, ನನ್ನ ಕೈಯಲ್ಲಿದ್ದ ಚೀಟಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಅಂಚಿನಲ್ಲಿ ದೊಡ್ಡದಾಗಿ ಟಿಕ್ ಹಾಕಿದರು.